ಹೊಸ ಲೋಕದಲ್ಲಿ ಹೆರೋಣ ಎಂದವನು

ಟೈಲರಮ್ಮನಿಗೆ ಮದುವೆಯಾದಾಗ ಇಪ್ಪತ್ನಾಲ್ಕು. ಗಂಡ ವೈರಿಂಗ್ ಕೆಲಸದವನು; ಕುಡಿತವಿಲ್ಲ, ಸಿಡುಕಿಲ್ಲ, ಹೆಂಡತಿಗೆ ಒಂದು ಗಟ್ಟಿ ಮಾತೂ ಆಡಿದವನಲ್ಲ. ಅವನ ತಲೆ ಹೊಕ್ಕಿದ್ದು ಒಂದೇ ಮಾತು: ಬರುವವನು ಬರುತ್ತಾನೆ, ಈ ಲೋಕ ಮುಗಿಯುತ್ತದೆ, ಹೊಸದು ಹುಟ್ಟುತ್ತದೆ. ಟಯರ್ ಅಂಗಡಿಯ ಮೇಲಿನ ಹಾಲ್‌ನಲ್ಲಿ ಸೇರುತ್ತಿದ್ದ ಪ್ರಾರ್ಥನಾ ಸಭೆಯ ಹಿರಿಯರು ವರ್ಷವನ್ನೂ ಹೇಳಿಬಿಟ್ಟಿದ್ದರು.

"ಕೊನೆಗಾಲದ ಸಂಕಟದಲ್ಲಿ ಕಂಕುಳಲ್ಲಿ ಕೂಸಿಟ್ಕೊಂಡು ಎಲ್ಲಿಗೆ ಓಡ್ತೀಯ? ಇನ್ನು ನಾಲ್ಕೇ ವರ್ಷ ಕಣೇ. ಹೊಸ ಲೋಕದಲ್ಲಿ ಹೆರೋಣ, ಅಲ್ಲಿ ನೋವೂ ಇರಲ್ಲ," ಎಂದಿದ್ದ ಗಂಡ, ಅವಳು ಮಗುವಿನ ಮಾತೆತ್ತಿದಾಗ.

ನಾಲ್ಕು ವರ್ಷ ಒಂಬತ್ತಾಯಿತು, ಒಂಬತ್ತು ಹದಿನೈದಾಯಿತು. ಒಮ್ಮೆ ಮುಟ್ಟು ತಪ್ಪಿದಾಗ ಅವನೇ ಆಸ್ಪತ್ರೆಗೆ ಕರೆದೊಯ್ದು ತೆಗೆಸಿದ. ಮನೆ ಸೇರುವವರೆಗೂ ಅವಳ ಕೈ ಬಿಡಲಿಲ್ಲ. ಅವಳು ಅಳಲಿಲ್ಲ. ಊರವರ ಮಕ್ಕಳಿಗೆ ಯೂನಿಫಾರ್ಮ್ ಹೊಲಿಯುತ್ತ, ಬೆಳೆದವರಿಗೆ ಮಡಿಕೆ ಬಿಚ್ಚಿ ಉದ್ದ ಮಾಡಿಕೊಡುತ್ತ ದಿನ ನೂಕಿದಳು.

ಮದುವೆಯಾದ ಇಪ್ಪತ್ತಮೂರನೆಯ ವರ್ಷ ಹಿರಿಯರು ತಾರೀಖನ್ನೇ ಕೊಟ್ಟರು. ಆ ದಿನ ಬೆಳಿಗ್ಗೆಯಿಂದ ಎಲ್ಲರೂ ಹಾಲ್‌ನಲ್ಲಿ ಕೂತರು. ಮಧ್ಯಾಹ್ನ ಕೆಳಗೆ ಯಾರೋ ಚಕ್ರಕ್ಕೆ ಗಾಳಿ ತುಂಬಿಸಿಕೊಂಡು ಹೋದರು. ಸಂಜೆ ಹಿರಿಯರು ಕನ್ನಡಕ ಒರೆಸಿಕೊಂಡು, "ಎಲ್ಲೋ ತಪ್ಪಿದೀನಿ. ಮನೆಗೆ ಹೋಗಿ," ಎಂದರು. ಅವರ ಮಗಳು ತನ್ನ ಮೂರು ಮಕ್ಕಳಿಗೆ ಚಪ್ಪಲಿ ಹಾಕತೊಡಗಿದಳು. ಟೈಲರಮ್ಮ ಆ ಮೂವರನ್ನೇ ನೋಡುತ್ತ ನಿಂತುಬಿಟ್ಟಳು.

ಮನೆಗೆ ಬಂದು ಹೇಳಿದಳು: "ರೀ, ನನಗೆ ಮುಟ್ಟು ನಿಂತು ವರ್ಷವಾಯ್ತು. ಇನ್ನಾಗಲ್ಲ ಅಂದ್ರು ಡಾಕ್ಟ್ರು."

ಅವನು ಅವಳ ಮುಖ ನೋಡದೆ ಶರ್ಟಿನ ಗುಂಡಿ ಬಿಚ್ಚತೊಡಗಿದ. ಆಮೇಲೆ, "ಅಲ್ಲಿ ಅದೆಲ್ಲ ಸರಿಹೋಗುತ್ತೆ. ಮುಂದಿನ ವರ್ಷ ಅಂತ ಸಭೇಲಿ ಮಾತಾಡ್ಕೊಳ್ತಿದ್ರು," ಎಂದ. ನಂಬಿಕೆ ಬಿಟ್ಟರೆ ಆ ಆಸ್ಪತ್ರೆಯ ದಿನಕ್ಕೆ ಅವನು ಮುಖ ಕೊಡಬೇಕಾಗುತ್ತದೆ ಎಂಬುದು ಅವಳಿಗೆ ಹೊಳೆಯಿತು. ಬೈಯಲೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ಮುಂದಿನ ವಾರ ಅವನು ಶರ್ಟು ಇಸ್ತ್ರಿ ಮಾಡಿಕೊಂಡು ಸಭೆಗೆ ಹೊರಟ. "ನೀನು ಬರಲ್ವಾ?"

"ನೀವು ಹೋಗ್ಬನ್ನಿ."

ಅವನು ತಿರುವು ದಾಟಿದ ಮೇಲೆ ಬಾಗಿಲಿಗೆ ಚಿಲಕ ಹಾಕಿ ನೆಲಕ್ಕೆ ಕುಸಿದಳು. ಎಷ್ಟೋ ವರ್ಷದ ಅಳು ಒಮ್ಮೆಲೇ ಒತ್ತರಿಸಿ ಬಂತು. ಪಕ್ಕದ ಮನೆಯಾಕೆ ಗಾಬರಿಯಿಂದ ಓಡಿಬಂದು ಬಾಗಿಲು ತಟ್ಟಿದಳು.

"ಏನಾಯ್ತಕ್ಕಾ? ಯಾರು ತೀರ್ಕೊಂಡ್ರು?"

ಹೆಸರೇ ಇಡದ ಕೂಸನ್ನು ಯಾರೆಂದು ಹೇಳುವುದು? ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ತಟ್ಟುವುದು ನಿಲ್ಲುವವರೆಗೂ ಬಾಗಿಲು ತೆಗೆಯಲಿಲ್ಲ.