ಗುಲಾಬಿ ಪರದೆಯ ಗಂಟು

ಆ ದಿನದ ನೆರೆಯ ಅರ್ಧ ನೀರನ್ನು ನಾನೊಬ್ಬನೇ ಕುಡಿದು ಮುಗಿಸಿದೆ. ಉಳಿದರ್ಧ ನನ್ನ ಮುಖ ನೋಡಿಯೇ ಹೆದರಿ ವಾಪಸಾಯಿತು. ನಂಬದವರು ನನ್ನ ಹೊಟ್ಟೆ ನೋಡಿ, ಇನ್ನೂ ಇಳಿದಿಲ್ಲ.

ಕಸುಬಿನಲ್ಲಿ ನಾನು ಕ್ಷೌರಿಕ. ನಮ್ಮ ಬೀದಿಯವರೆಲ್ಲ ಶಾಲೆಯ ಹಾಲ್‌ನಲ್ಲಿ ಚಾಪೆ ಹಾಸಿಕೊಂಡಾಗ ನಾನು ಕಿಟಕಿ ಪಕ್ಕ ಬೆಂಚು ಹಾಕಿ ಕತ್ತರಿ ಹಿಡಿದೆ. ಒಂದೇ ಮಧ್ಯಾಹ್ನ ಮುನ್ನೂರು ತಲೆ! ಸರಿ, ಮೂವತ್ತು ಅನ್ನಿ.

ಮುನ್ನೂರ ಒಂದನೆಯ ತಲೆ ನಮ್ಮ ಪಕ್ಕದಂಗಡಿಯ ಟೈಲರಕ್ಕನದು. ನೆರೆ ಬಂದು ಒಂಬತ್ತು ದಿನವಾದರೂ ಅವಳು ತುಟಿ ಪಿಟಕ್ಕೆಂದಿರಲಿಲ್ಲ. ಕೂದಲಲ್ಲಿ ಕೆಸರು ಒಣಗಿ ಹಗ್ಗವಾಗಿತ್ತು.

"ಕೂದಲು ಹೋದ್ರೆ ಹೋಗ್ಲಿ ಮಾಮ," ಎಂದಳು ಅವಳ ಮಗಳು. "ಅಮ್ಮ ಮತ್ತೆ ಮಾತಾಡ್ತಾಳಾ?"

ಶಿಬಿರದ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಮಾತಾಡು ಅಂತ ಬಲವಂತ ಮಾಡ್ಬೇಡಿ. ಜೊತೆಗೆ ಕೂತಿರಿ, ಸಾಕು. ಬಾಯಿ ಮುಚ್ಕೊಂಡು."

"ಅದೊಂದು ಬಿಟ್ಟು ಬೇರೇನಾದ್ರೂ ಹೇಳಿ."

ಸಿಕ್ಕು ಬಿಡಿಸುವುದು ತುದಿಯಿಂದ. ಬುಡದಿಂದ ಎಳೆದರೆ ಜೀವ ಹೋಗುತ್ತದೆ. ಎಣ್ಣೆ ಹಚ್ಚಿ ಎಳೆ ಎಳೆಯಾಗಿ ಬಿಡಿಸುತ್ತ ಎರಡು ದಿನ ಮೂಕನಾಗಿದ್ದೆ. ನನಗೆ ಜ್ವರವೆಂದು ಜನ ಹಣೆ ಮುಟ್ಟಿ ನೋಡಿದರು. ಮೂರನೆಯ ದಿನ ತಡೆಯಲಾಗಲಿಲ್ಲ.

"ಈ ಅಕ್ಕ ಹೆಗಲ ಮೇಲೆ, ಹೊಲಿಗೆ ಮಷಿನ್ನು ತಲೆ ಮೇಲೆ! ಒಂದೇ ಕೈಲಿ ಈಜಿ ತಾರಸಿ ಹತ್ಸಿದ್ದು ಯಾರು ಅಂದ್ಕೊಂಡ್ರಿ?"

"ಯಾರು ಯಾರನ್ನ ಹತ್ಸಿದ್ದೋ?"

ಬಾಚಣಿಗೆ ಕೈಜಾರಿತು. ಟೈಲರಕ್ಕ ನನ್ನ ಕಡೆ ತಿರುಗಿದ್ದಳು.

"ಸುಳ್ಳುಬುರುಕ! ನಿನ್ನನ್ನ ಎಳ್ಕೊಂಡು ತಾರಸಿ ಕಂಬಕ್ಕೆ ಕಟ್ಟಿದ್ದು ನಾನು. ಅದೂ ಗಿರಾಕಿಯ ಗುಲಾಬಿ ಪರದೆಯಲ್ಲಿ, ಹೊಸಾ ಬಟ್ಟೆ! 'ಅಮ್ಮಾ, ಅಮ್ಮಾ' ಅಂತ ಅರಚಿ ನನ್ನ ಕಿವಿ ತೂತು ಮಾಡ್ದೆ. ನಿನ್ನ ಹಿಡಿಯೋಕೆ ಹೋಗಿ ಮಷಿನ್ನು ಬಿಟ್ಟೆನಲ್ಲೋ..."

ಅಲ್ಲಿಗೆ ಅವಳ ಅಳುವಿನ ಕಟ್ಟೆಯೊಡೆಯಿತು. ಅಳುತ್ತಲೇ ನಕ್ಕಳು. ಮಗಳು ಓಡಿಬಂದು ಅವಳ ಕೊರಳಿಗೆ ಜೋತುಬಿದ್ದಳು. ಹಾಲ್‌ಗೆ ಹಾಲೇ ನಗತೊಡಗಿತು.

"ಬೇಕಂತಲೇ ಸುಳ್ಳು ಹೇಳಿದ್ರಾ?" ನರ್ಸಮ್ಮ ಪಿಸುಗುಟ್ಟಿದರು.

"ಮತ್ತೆ? ಎಲ್ಲಾ ನನ್ನ ಉಪಾಯ!" ಮೀಸೆ ತಿರುವಿದೆ.

ಅಕ್ಕ ನನ್ನ ಅಂಗಿಯ ಅಂಚು ಎತ್ತಿದಳು. ತಾರಸಿಯಿಂದ ನಮ್ಮನ್ನು ಇಳಿಸಿಕೊಂಡ ದೋಣಿಯವರು ಪರದೆಯನ್ನು ಕಂಬದ ಕಡೆಯಷ್ಟೇ ಕತ್ತರಿಸಿದ್ದರು. ಸೊಂಟದಲ್ಲಿ ಗುಲಾಬಿ ಬಟ್ಟೆ, ಗಂಟು ಸಮೇತ, ಹಾಗೇ ಇತ್ತು.

"ಇದೂ ಉಪಾಯನಾ?"

ಸಿಕ್ಕಿಬಿದ್ದೆ. ಉಪಾಯವೂ ಇಲ್ಲ, ಮಣ್ಣೂ ಇಲ್ಲ. ನನಗೆ ಈಜು ಬರುವುದಿಲ್ಲ. ಕುಡಿದದ್ದು ಎರಡೇ ಗುಟುಕು. ಬಿಚ್ಚಿದರೆ ಮತ್ತೆ ಕೊಚ್ಚಿಹೋಗುತ್ತೇನೆಂಬ ಭಯಕ್ಕೆ ಹನ್ನೆರಡು ದಿನದಿಂದ ಆ ಗಂಟು ಮುಟ್ಟಿರಲಿಲ್ಲ.

"ಬಾ ಇಲ್ಲಿ," ಎಂದಳು ಅಕ್ಕ. "ಹಾಕಿದ್ದು ನಾನು, ಬಿಚ್ಚೋದೂ ನಾನೇ."

"ನಿಧಾನ ಅಕ್ಕ," ಎಂದೆ. "ಇನ್ನೂ ಹೆದರಿಕೆ ಇದೆ."