ಸಕ್ಕರೆ ಬಿಟ್ಟವನು

ಶಿರಗುಪ್ಪಿಯಿಂದ ಕ್ರೂಸರ್ ಗಾಡಿ ಹೊರಟಾಗ ಸುರಜನಿಗೆ ಹೇಳಿದ್ದು ಇಷ್ಟೇ: ತಂಗಿ ಮಯೂರಿ ನಾಳೆ ಬೆಳಗಾವಿಯ ಹಾಸ್ಟೆಲಿಗೆ ಹೋಗುತ್ತಾಳೆ, ಅದಕ್ಕೂ ಮೊದಲು ಮನೆಮಂದಿಯೆಲ್ಲ ಒಂದು ದಿನ ಪಾರ್ಕಿನಲ್ಲಿ ಆಡಿ ಬರೋಣ. ಹೇಳಿದವನು ಅಜ್ಜ ಭೀಮಗೊಂಡ. ಎಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಜೋಕಾಲಿ ಹತ್ತದ ಮನುಷ್ಯನಿಗೆ ಗಡಿಯಾಚೆಯ ಪಾರ್ಕು ನೋಡುವ ಹುಕಿ ಯಾಕೆ ಬಂತೆಂದು ಸುರಜ ಕೇಳಲಿಲ್ಲ. ಮಯೂರಿ ಮೊದಲು ಒಲ್ಲೆ ಅಂದಿದ್ದಳು. ಕಾಡಿ ಬೇಡಿ ಗಾಡಿ ಹತ್ತಿಸಿದವನು ಸುರಜನೇ.

ಪಾರ್ಕಿನ ಗೇಟಿನಲ್ಲಿ ಕಾಗವಾಡದ ಮಂದಿ ನಿಂತಿದ್ದರು. ಶ್ರೇಣಿಕ, ಅವನ ತಂಗಿ ತ್ರಿಶಲಾ, ಅವರಿಬ್ಬರ ಅಪ್ಪ. ಅಕಸ್ಮಾತ್ ಸಿಕ್ಕವರನ್ನು ಕಂಡಂತೆ ಅಜ್ಜ ಅರೆರೆ ಎಂದ. ಆದರೆ ತ್ರಿಶಲಾ ರೇಷ್ಮೆ ಸೀರೆ ಉಟ್ಟಿದ್ದಳು. ನೀರಿನಲ್ಲಿ ಆಡಲು ಯಾರೂ ರೇಷ್ಮೆ ಉಟ್ಟು ಬರುವುದಿಲ್ಲ. ಅವ್ವ ಲಕ್ಷ್ಮಿಬಾಯಿಯ ಚೀಲದಿಂದ ಪೇಡೆ ಡಬ್ಬಿಯ ಮೂಲೆ ಇಣುಕುತ್ತಿತ್ತು. ಸುರಜ ಅವ್ವನ ಮುಖ ನೋಡಿದ. ಅವ್ವ ಜಾರುಬಂಡಿಯ ಕಡೆ ನೋಡಿದಳು.

ಸಾಟಿಲೋಟಿ. ಹೆಣ್ಣು ಕೊಟ್ಟು ಹೆಣ್ಣು ತರುವುದು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಕಬ್ಬು ಹಿಡಿದ ಸುರಜನಿಗೆ ಐದು ಮನೆಯವರು ಹೆಣ್ಣಿಲ್ಲ ಅಂದಿದ್ದರು. ಹುಡುಗ ಏನು ಮಾಡುತ್ತಾನೆಂದು ಕೇಳುವುದು, ಹೊಲ ಅಂದ ಕೂಡಲೇ ಚಹಾ ಬೇಗ ಬೇಗ ಕುಡಿದು ಏಳುವುದು. ಕಾಗವಾಡದವರು ಕೊಡಲು ತಯಾರಿದ್ದರು, ಆದರೆ ಬದಲಿಗೆ ಮಯೂರಿ ಬೇಕು. ಶ್ರೇಣಿಕನಿಗೆ ದವಾಖಾನೆಯ ಡ್ಯೂಟಿ ಮಾಡುವ ಹೆಂಡತಿ ಬೇಡ. ಮಯೂರಿಯ ನರ್ಸಿಂಗ್ ಮುಗಿಯಲು ಇನ್ನೂ ಎರಡು ವರ್ಷ ಬೇಕಿತ್ತು. ಇದೆಲ್ಲವನ್ನೂ ಶ್ರೇಣಿಕನ ಅಪ್ಪ ಟಿಕೀಟಿನ ಪಾಳಿಯಲ್ಲೇ ನಿಂತು, ಹವಾಮಾನದ ಮಾತಾಡಿದಷ್ಟು ಸಲೀಸಾಗಿ ಹೇಳಿ ಮುಗಿಸಿದ.

ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು. ಹೊತ್ತು ಇಳಿಯುತ್ತಿದ್ದಾಗ ದೊಡ್ಡ ಪಾಳಣಾ, ಅಂದರೆ ಜಾಯಂಟ್ ವೀಲ್, ಹತ್ತಬೇಕೆಂದು ಅಜ್ಜ ಜೋಡಿ ಮಾಡಿದ. ಸುರಜ ತ್ರಿಶಲಾ ಒಂದು ತೊಟ್ಟಿಲಲ್ಲಿ, ಮಯೂರಿ ಶ್ರೇಣಿಕ ಇನ್ನೊಂದರಲ್ಲಿ. ಆದರೆ ಮಯೂರಿ ಅಣ್ಣನ ಕೈ ಹಿಡಿದು ದರದರ ಎಳೆದುಕೊಂಡು ಒಳಗೆ ಕೂತಳು. ಪಾಳಣಾದವನು ತೊಡೆಯ ಮೇಲೆ ಕಬ್ಬಿಣದ ಸರಳು ಇಳಿಸಿ ಕೊಂಡಿ ಹಾಕಿದ. ಎರಡು ಸುತ್ತು ತಿರುಗಿ, ಮೂರನೆಯದರಲ್ಲಿ ಇವರ ತೊಟ್ಟಿಲು ತುತ್ತತುದಿಗೆ ಬಂದಾಗ ಪಾಳಣಾ ಗಕ್ಕನೆ ನಿಂತಿತು.

ಕೆಳಗಿನ ಸ್ಪೀಕರು ಮರಾಠಿಯಲ್ಲಿ ಘಾಬರೂ ನಕಾ, ಹೆದರಬೇಡಿ, ಘಾಬರೂ ನಕಾ ಎಂದು ಕೂಗತೊಡಗಿತು. ಪಕ್ಕದ ತೊಟ್ಟಿಲಲ್ಲಿ ಯಾರದೋ ಕೂಸು ಅತ್ತಿತು.

“ನಿನಗ ಗೊತ್ತಿತ್ತೇನ ದಾದಾ?” ಮಯೂರಿ ಕೇಳಿದಳು.

“ಬಸದಿ ಆಣಿ, ಗೊತ್ತಿರಲಿಲ್ಲ.”

“ಟ್ರ್ಯಾಕ್ಟರಿಗೆ ಏನ ಲೋಡ್ ಮಾಡ್ಯಾರ ಅಂತ ಹತ್ತ ಸಲ ಇಳದ ನೋಡ್ತಿ. ಇವತ್ತ ಗಾಡ್ಯಾಗ ನನ್ನ ಲೋಡ್ ಮಾಡಿದ್ರು, ನೋಡಲಿಲ್ಲ ನೀ.”

ಅವನಿಗೆ ಸರಳನ್ನು ಕಿತ್ತು ಕೆಳಗೆ ಎಸೆಯುವಷ್ಟು ಸಿಟ್ಟು ಬಂತು. ಸರಳು ಅಲುಗಲಿಲ್ಲ. ಮಯೂರಿ ಅವನನ್ನು ಬಿಟ್ಟು ಸೂರ್ಯನನ್ನು ನೋಡುತ್ತಿದ್ದಳು. ಆಗ ಅವನಿಗೂ ಹೊಳೆಯಿತು. ಮಾತು ಗಟ್ಟಿಯಾಗಬೇಕಾದರೆ ಬಾಯಿ ಸಿಹಿಯಾಗಬೇಕು. ಜೈನರಾದ ಇವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರ ಬಾಯಿಗೂ ಏನೂ ಹೋಗುವುದಿಲ್ಲ. ಅಜ್ಜ ನೀರನ್ನೂ ಮುಟ್ಟುವುದಿಲ್ಲ. ಇನ್ನರ್ಧ ತಾಸು ಪಾಳಣಾ ಹೀಗೇ ನಿಂತರೆ ಇವತ್ತಿಗೆ ಪೇಡೆ ಇಲ್ಲ. ಮುಂಜಾನೆ ಆರರ ಬಸ್ಸಿಗೆ ಮಯೂರಿ ಬೆಳಗಾವಿಗೆ.

ಆ ಪಾಳಣಾದಲ್ಲಿ ಸಿಕ್ಕಿಬಿದ್ದವರೆಲ್ಲ ಇಳಿಸಪ್ಪಾ ದೇವರೇ ಎಂದು ಬೇಡುತ್ತಿದ್ದರೆ, ಇವರಿಬ್ಬರೇ ಇಲ್ಲೇ ಇರಿಸು ಎಂದು ಬೇಡಿದರು. ಸೂರ್ಯ ಕಬ್ಬಿನ ಗದ್ದೆಗಳ ಮೇಲೆ ಒಂದು ಮೊಳ ಉಳಿದ. ಒಂದು ಗೇಣು. ಆಗ ಪಾಳಣಾ ಜಗ್ಗಿತು. ಕೆಳಗಿನವರು ಚಪ್ಪಾಳೆ ತಟ್ಟಿದರು. ಇಳಿಯುವುದಕ್ಕೆ ಸುರಜ ಜನ್ಮದಲ್ಲಿ ಅಷ್ಟು ಹೆದರಿರಲಿಲ್ಲ.

ಒಲ್ಲೆ ಅಂದರೆ ಕೇಳುವವರಿಲ್ಲ. ಆ ಮನೆಯಲ್ಲಿ ಅವನ ಮಾತು ಎಂದೂ ನಡೆದಿಲ್ಲ. ನಡೆಯುವುದು ಒಂದೇ, ಇಂಥದ್ದನ್ನು ಬಿಟ್ಟೆ ಎಂದು ದೇವರ ಮುಂದೆ ತೊಟ್ಟ ನಿಯಮ. ಅವ್ವ ಬಟಾಟೆ ಬಿಟ್ಟಾಗ ಯಾಕೆಂದು ಯಾರೂ ಕೇಳಲಿಲ್ಲ. ಅಜ್ಜ ನಾಲ್ಕು ತಿಂಗಳು ಉಪ್ಪು ಬಿಟ್ಟಾಗ ಅಡುಗೆಮನೆಯೇ ಬಗ್ಗಿ ನಡೆಯಿತು. ಸುರಜ ಊರ ಬಸದಿ ಇರುವ ದಿಕ್ಕಿಗೆ ತಿರುಗಿ, ಸರಳಿನ ಮೇಲೇ ಕೈ ಮುಗಿದು ಕಣ್ಣು ಮುಚ್ಚಿದ. ತೊಟ್ಟಿಲು ನೆಲ ಮುಟ್ಟುವಷ್ಟರಲ್ಲಿ ಅವನ ತುಟಿ ಅಲುಗುವುದು ನಿಂತಿತ್ತು.

ಅಜ್ಜ ಡಬ್ಬಿ ತೆರೆದುಕೊಂಡೇ ನಿಂತಿದ್ದ. “ಬಾಯಿ ತಗೀಲೇ, ಹೊತ್ತ ಮುಳಗತೈತಿ.”

“ಸಕ್ಕರಿ ಬಿಟ್ಟೇನಿ ಅಜ್ಜಾ. ಮಯೂರಿ ಕಲತ ಮುಗಸೂತನಕಾ. ನಿಯಮ ತಗೊಂಡೇನಿ.”

“ಯಾವಾಗ?”

“ಈಗ. ಮ್ಯಾಲೆ.”

ಶ್ರೇಣಿಕ ನಕ್ಕ. ಕಬ್ಬಿನ ಮನೆಯವನು ಸಕ್ಕರೆ ಬಿಟ್ಟನಂತೆ ಎಂದ. ಅಜ್ಜ ಅವನ ಕಡೆ ಒಮ್ಮೆ ತಿರುಗಿದ್ದೇ ತಡ, ನಗು ನಿಂತಿತು. ಪೇಡೆ ಹಿಡಿದ ಮುದುಕನ ಕೈ ಮೊಮ್ಮಗನ ಬಾಯಿಯ ಮುಂದೆ ನಿಂತೇ ಇತ್ತು. ಒಬ್ಬರ ನಿಯಮ ಮುರಿಸಿದ ಪಾಪ ಮುರಿಸಿದವರಿಗೇ. ಅದನ್ನು ಸುರಜನಿಗೆ ಚಿಕ್ಕಂದಿನಲ್ಲಿ ಕಲಿಸಿದವನೂ ಅಜ್ಜನೇ. ಕೊನೆಗೆ ಪೇಡೆ ಡಬ್ಬಿಗೆ ಮರಳಿತು. ಮಯೂರಿಯ ಬಾಯಿಗಾದರೂ ಹಾಕಿ ಎಂದು ಶ್ರೇಣಿಕನ ಅಪ್ಪ ಹೇಳಲಾರದೆ ಹೋದ. ಒಂದೇ ಕಡೆ ಸಿಹಿಯಾದರೆ ಅದು ಸಾಟಿಯಲ್ಲ. ಎರಡು ವರ್ಷ ಮಗಳನ್ನು ಕಾಯಿಸಿ ಇಡಲಾರೆನೆಂದು ಹೇಳಿ ಅವನು ಗೇಟಿನ ಕಡೆ ನಡೆದ. ತ್ರಿಶಲಾ ಸೀರೆಯ ನೆರಿಗೆ ಹಿಡಿದು ಅವನ ಹಿಂದೆ ಹೋದಳು. ಇಡೀ ದಿನ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ ಎಂಬುದು ಸುರಜನಿಗೆ ಆಗ ನೆನಪಾಯಿತು.

ಮರಳುವ ದಾರಿಯಲ್ಲಿ ಊರು ಹತ್ತಿರ ಬಂದಾಗ ಹಿಂದಿನ ಸೀಟಿನಿಂದ ಅಜ್ಜ ಹೇಳಿದ:

“ನಿಯಮ ನೀನಾಗೇ ಮುರದಿ ಅಂದ್ರ, ಅವತ್ತ ಕಾಗವಾಡಕ್ಕ ಹೋಗ್ತೀನಿ. ನೆಪ್ಪಿರಲಿ.”

ಮುಂಜಾನೆ ಬಸ್ಸಿನ ಕಿಟಕಿಯಿಂದ ಮಯೂರಿ ಕೈ ಚಾಚಿ ಅಣ್ಣನ ಬೆರಳು ಹಿಡಿದಳು. ಕಬ್ಬು ಕಡಿಯುವ ಹಂಗಾಮಿನಲ್ಲಿ, ಎಲ್ಲರ ಬಾಯಲ್ಲೂ ಕಬ್ಬಿರುವಾಗ, ಏನು ಮಾಡುತ್ತೀ ಎಂದು ಕೇಳಿದಳು. ಅಷ್ಟರಲ್ಲಿ ಬಸ್ಸು ಬಿಟ್ಟಿತು.

ಮನೆಗೆ ಬಂದರೆ ಅವ್ವ ಚಹಾದ ಕಪ್ಪು ಮುಂದಿಟ್ಟಳು. ತುಟಿಯ ತನಕ ಒಯ್ದವನಿಗೆ ಅಂಚಿಗೆ ಅಂಟಿ ಕರಗದೆ ಉಳಿದ ಸಕ್ಕರೆ ಕಾಣಿಸಿತು. ರೂಢಿಯಿಂದ ಹಾಕಿದಳೋ, ಯಾರಾದರೂ ಹಾಕೆಂದರೋ. ಪಡಸಾಲೆಯಲ್ಲಿ ಅಜ್ಜ ಜಪಮಾಲೆ ಹಿಡಿದು ಕೂತು ಇವನ ಬಾಯಿಯನ್ನೇ ನೋಡುತ್ತಿದ್ದ. ಸುರಜ ಕಪ್ಪನ್ನು ನೆಲಕ್ಕಿಟ್ಟು, ಕುಡುಗೋಲು ತೆಗೆದುಕೊಂಡು ಹೊರಗೆ ನಡೆದ. ಹಿತ್ತಲು ದಾಟಿದರೆ ಅವರದೇ ಹೊಲ. ಆಳೆತ್ತರ ಮೀರಿ ಬೆಳೆದ ಕಬ್ಬು, ನಾಲ್ಕೂ ಕಡೆ.