ಅಂಗಾಲಿಗೆ ಕೇಳಿಸಿದ್ದು

ಬೆರಳು ತಪ್ಪಿತು. ಸ್ವರ ಮಾತ್ರ ಸರಿಯಾಗಿಯೇ ಬಂತು.

ನರಸಿಂಹರಾಜು ಬೇಸ್ ಗಿಟಾರಿನ ಮೇಲಿಂದ ತಲೆಯೆತ್ತಿದ. ಗಿಟಾರಿನ ಕತ್ತಿನ ಮೂರನೆಯ ಮನೆಯಲ್ಲಿ ಇರಬೇಕಾದ ಬೆರಳು ಐದನೆಯ ಮನೆಯಲ್ಲಿ ಕೂತಿತ್ತು. ಹತ್ತೊಂಬತ್ತು ವರ್ಷ ಬೇಸ್ ನುಡಿಸಿದವನಿಗೆ ಅಂಥ ತಪ್ಪು ಯಾರೋ ಕಿವಿ ಹಿಂಡಿದ ಹಾಗೆ ಗೊತ್ತಾಗಬೇಕು. ಗೊತ್ತಾಗಲಿಲ್ಲ. ವೇದಿಕೆಯ ಹಲಗೆ ಎಂದಿನಂತೆ ಅಂಗಾಲಿನ ಕೆಳಗೆ ಗುಂ ಎಂದಿತು.

ಇರಲಿ ಎಂದುಕೊಂಡು ಮುಂದಿನ ಸಾಲಿಗೆ ಬೇಕೆಂದೇ ತಪ್ಪು ನುಡಿಸಿದ. ಮತ್ತೆ ಸರಿ ಬಂತು. ಕೈಯನ್ನು ತಂತಿಯಿಂದ ತೆಗೆದು ಪಕ್ಕಕ್ಕೆ ಇಳಿಬಿಟ್ಟ. ಬೇಸ್ ತನ್ನ ಪಾಡಿಗೆ ತಾನು ನಡೆಯುತ್ತಲೇ ಇತ್ತು.

ಎದುರಿಗೆ ಕೊರಟಗೆರೆಯ ಕಲ್ಯಾಣಮಂಟಪ ಕಿಕ್ಕಿರಿದಿತ್ತು. ಭಾನುವಾರದ ಆರತಕ್ಷತೆ, ಹಗಲು ಹನ್ನೆರಡೂವರೆ. ಮದುಮಕ್ಕಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರ ಸಾಲು ಊಟದ ಮನೆಯ ಬಾಗಿಲಿನವರೆಗೂ ಬೆಳೆದಿತ್ತು. ಬಾಗಿಲು ತೆರೆದಾಗಲೆಲ್ಲ ಸಾಲಿನ ಅರ್ಧ ಒಳಗೆ ನುಗ್ಗುತ್ತಿತ್ತು. ಪಕ್ಕದ ಪುಟ್ಟ ವೇದಿಕೆಯ ಮೇಲೆ ಆರ್ಕೆಸ್ಟ್ರಾ ಒಂದು ನಡೆಯುತ್ತಿದೆ ಎನ್ನುವುದು ಅಲ್ಲಿದ್ದವರಲ್ಲಿ ಎಷ್ಟು ಜನಕ್ಕೆ ತಿಳಿದಿತ್ತೋ. ತಂಡದ ಯಜಮಾನನೂ ಗಾಯಕನೂ ಆದ ಮುತ್ತುರಾಜ್ ಕಣ್ಣು ಮುಚ್ಚಿ ಪ್ರೇಮಗೀತೆ ಹಾಡುತ್ತಿದ್ದ. ಹಿಂದಿನ ವಾದ್ಯಗಳೆಲ್ಲ ಲ್ಯಾಪ್‌ಟಾಪಿನಲ್ಲಿ ಮೊದಲೇ ಮುದ್ರಿಸಿಟ್ಟ ಟ್ರ್ಯಾಕಿನಿಂದ ಬರುತ್ತಿದ್ದವು. ಬೇಸ್ ಒಂದನ್ನು ಬಿಟ್ಟು ಎಂದು ನರಸಿಂಹರಾಜು ಈ ತನಕ ತಿಳಿದಿದ್ದ.

"ಟ್ರ್ಯಾಕ್‌ನಾಗೆ ಬೇಸ್ ತೆಗೆಸ್ಬುಟ್ಟಿದೀನಿ ಮೇಷ್ಟ್ರೆ, ಅದು ನಿಮ್ದೇ" ಎಂದು ಮುತ್ತುರಾಜನೇ ಹೇಳಿದ್ದ. ಹದಿನಾಲ್ಕು ತಿಂಗಳ ಹಿಂದೆ. ಅದೇ ದಿನ, "ಆ ಆಂಪ್ ಪೆಟ್ಟಿಗೆ ಯಾಕೆ ಹೊತ್ಕೊಂಡು ಬತ್ತೀರ, ಸೊಂಟ ಬೇರೆ ನೋವು ನಿಮ್ಗೆ. ಸೀದಾ ಮಿಕ್ಸರಿಗೇ ಹಾಕ್ಬುಡಾನ" ಎಂದೂ ಹೇಳಿದ್ದ. ಸೊಂಟದ ಬಗ್ಗೆ ವಿಚಾರಿಸಿಕೊಳ್ಳುವವರು ಕಡಿಮೆಯಾಗಿದ್ದ ಕಾಲ. ನರಸಿಂಹರಾಜುವಿಗೆ ಆ ಮಾತು ಹಿತವಾಗಿತ್ತು.

ಮಧುಗಿರಿಯ ಪಿಯು ಕಾಲೇಜಿನಲ್ಲಿ ಅವನು ಭೌತಶಾಸ್ತ್ರದ ಉಪನ್ಯಾಸಕ. ಶಬ್ದ ಎಲ್ಲಿ ಹುಟ್ಟುತ್ತದೆ, ಯಾವುದರ ಮೂಲಕ ಬರುತ್ತದೆ, ಒಂದು ವಸ್ತು ನಡುಗಿದರೆ ಪಕ್ಕದ್ದು ಯಾಕೆ ನಡುಗುತ್ತದೆ ಎಂದು ವರ್ಷಾವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವವನು. ಅವನು ತನ್ನ ಬೇಸನ್ನು ಯಾವತ್ತೂ ಕಿವಿಯಿಂದ ಕೇಳಿಸಿಕೊಂಡವನಲ್ಲ. ಬೂಟು ಕಳಚಿ, ಬರಿಗಾಲಲ್ಲಿ ಹಲಗೆಯ ಮೇಲೆ ನಿಂತು, ಅಂಗಾಲಿಗೆ ಹತ್ತುವ ನಡುಕದಿಂದ ತಿಳಿದುಕೊಳ್ಳುವುದು ಅಭ್ಯಾಸ. ಮೂಲ ಹಾಡಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ, ಒಂದು ಸ್ವರ ಆಚೀಚೆ ಆಗದಂತೆ ನುಡಿಸುವುದು ಅವನ ಹೆಮ್ಮೆ. ಆ ಹೆಮ್ಮೆಯೇ ಮೋಸ ಮಾಡಿತ್ತು. ಟ್ರ್ಯಾಕಿನ ಬೇಸೂ ಅದನ್ನೇ ನುಡಿಸುತ್ತಿತ್ತಲ್ಲ. ಹದಿನಾಲ್ಕು ತಿಂಗಳು ಇನ್ನೊಬ್ಬರ ನಡುಕವನ್ನು ತನ್ನದೆಂದು ತಿಳಿದು ಅವನು ಬರಿಗಾಲಲ್ಲಿ ನಿಂತಿದ್ದ.

ಇವತ್ತು ಬೆರಳು ತಪ್ಪಿದ್ದಾದರೂ ಯಾಕೆ? ಅಭ್ಯಾಸಬಲದಿಂದ ಬಲಕ್ಕೆ ನೋಡಿದ್ದ. ಅಲ್ಲಿ ಕದಿರಯ್ಯನ ಡ್ರಮ್ಸ್ ಇರಬೇಕಿತ್ತು. ಪ್ಲಾಸ್ಟಿಕ್ ಹೂವಿನ ಕುಂಡ ಇತ್ತು.

ಬೇಸಿನವನು ಡ್ರಮ್ಸಿನವನ ಬಲಗಾಲು ನೋಡುತ್ತ ನಿಲ್ಲಬೇಕು. ಕಾಲು ದೊಡ್ಡ ಡ್ರಮ್ಮಿನ ಪೆಡಲ್ ಒತ್ತಿದ ಗಳಿಗೆಯಲ್ಲೇ ಬೆರಳು ತಂತಿ ಮೀಟಬೇಕು. ಎರಡು ಸದ್ದು ಒಂದಾದರೆ ಕೇಳುವವರಿಗೆ ಯಾರದ್ದೂ ಬೇರೆಯಾಗಿ ಕೇಳಿಸುವುದಿಲ್ಲ, ಮೈ ಮಾತ್ರ ಕುಣಿಯುತ್ತದೆ. ಪುರವರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಕದಿರಯ್ಯನಿಗೂ ಫಿಸಿಕ್ಸ್ ಮೇಷ್ಟರಿಗೂ ಹದಿನೆಂಟು ವರ್ಷ ಇದ್ದ ನಂಟು ಇಷ್ಟೇ. ವೇದಿಕೆಯಿಂದ ಇಳಿದ ಮೇಲೆ ಇಬ್ಬರಿಗೂ ಮಾತಾಡಲು ಏನೂ ಇರುತ್ತಿರಲಿಲ್ಲ.

ಆ ಬಲಗಾಲನ್ನೇ ಡಾಕ್ಟರು ತೆಗೆದರು. ಸಕ್ಕರೆ ಕಾಯಿಲೆ. ನರಸಿಂಹರಾಜು ಆಸ್ಪತ್ರೆಗೆ ಹೋಗಿದ್ದು ಒಂದೇ ಸಲ. ಹೊದಿಕೆ ಚಪ್ಪಟೆಯಾಗಿದ್ದ ಜಾಗ ಬಿಟ್ಟು ಉಳಿದೆಲ್ಲ ಕಡೆ ನೋಡುತ್ತ ಕೂತಿದ್ದ.

"ಈಗ ಯಾರ್ ಕಾಲು ನೋಡ್ತೀರ ಮೇಷ್ಟ್ರೆ?" ಎಂದು ಕದಿರಯ್ಯ ಕೇಳಿದ್ದ.

"ಯಾರ್ದೂ ಇಲ್ಲ ಬಿಡಪ್ಪ. ನೀನು ಬರೋವರೆಗೂ ಟ್ರ್ಯಾಕು."

ಕದಿರಯ್ಯ ನಕ್ಕಿದ್ದ. ಮೂರು ತಿಂಗಳಿಗೆ ಸತ್ತ. ಆ ಮೂರು ತಿಂಗಳಲ್ಲಿ ಮತ್ತೊಮ್ಮೆ ಹೋಗಬಹುದಿತ್ತು. ಮಧುಗಿರಿಯಿಂದ ಪುರವರಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಯಾರಾದರೂ ಕೇಳಿದರೆ ನರಸಿಂಹರಾಜುವಿಗೆ ಈಗಲೂ ಹೇಳಲು ನಾಚಿಕೆಯಾಗುತ್ತದೆ.

ಹಾಡು ಮುಗಿಯಿತು. ಯಾರೋ ಇಬ್ಬರು ಚಪ್ಪಾಳೆ ತಟ್ಟಿದರು.

ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಬಂದು ಕೂತವನು ತೆಲುಗು ಬೆರೆಸಿ ಮಾತಾಡುವ ಪಾವಗಡದ ಬಸವೇಶ್. ಆ ಕಡೆಯ ಇನ್ನೊಂದು ತಂಡದಲ್ಲಿ ಬೇಸ್ ನುಡಿಸುವವನು, ಇವತ್ತು ಹುಡುಗಿಯ ಕಡೆಯ ನೆಂಟನಾಗಿ ಬಂದಿದ್ದ. ಸುತ್ತಲಿನ ನಾಲ್ಕು ತಾಲ್ಲೂಕಿಗೆ ಬೇಸಿನವರು ಎಂದು ಉಳಿದಿದ್ದವರು ಈ ಇಬ್ಬರೇ.

"ಏಂ ಮೇಷ್ಟ್ರೆ, ಬಾಗುನ್ನಾರಾ?"

"ಹೂಂ, ಚೆನ್ನಾಗಿದ್ದೀನಿ. ನೀವು?"

"ಅಂತೇ. ನಡೀತೈತೆ." ಬಸವೇಶ್ ಪಾಯಸವನ್ನು ಎಲೆಯ ಅಂಚಿಗೆ ಹೋಗದಂತೆ ಬೆರಳಲ್ಲಿ ತಡೆದ. "ಅದೇ ಹಳೇ ಬೇಸಾ ಇನ್ನೂ? ಕತ್ತು ಬಗ್ಗಿತ್ತಲ್ಲ."

"ರಿಪೇರಿ ಮಾಡಿಸ್ದೆ. ಹೋದ ತಿಂಗಳು ಹೊಸ ತಂತಿ ಹಾಕಿದೆ. ನೀವು ಯಾವಾಗ ಬದಲಾಯಿಸಿದ್ರಿ?"

"ನಾನಾ? ಮೂರು ವರ್ಷ ಆಯ್ತು."

"ತುಕ್ಕು ಹಿಡಿದು ಸದ್ದು ಸತ್ತೋಗಿರುತ್ತಲ್ಲ."

"ಯಾರಿಗೆ?" ಎಂದ ಬಸವೇಶ್.

ನರಸಿಂಹರಾಜು ಅನ್ನ ಕಲಸುವುದನ್ನು ನಿಲ್ಲಿಸಿದ. ಬಡಿಸುವವನು ಸಾರು ಹಿಡಿದು ಬಂದು, ಬೇಕೋ ಬೇಡವೋ ಎಂದು ಕಾದು, ಹೊರಟುಹೋದ.

"ನಿಮ್ಮಲ್ಲೂ ಟ್ರ್ಯಾಕಾ ಬಸವೇಶ್?"

"ಎಲ್ಲಾ ಕಡೆ ಅದೇ ಅಲ್ವಾ."

"ಬೇಸ್?"

"ಬೇಸೂ ಅದ್ರಾಗೇ." ಬಸವೇಶ್ ಅವನ ಮುಖ ನೋಡಿದ. ಆಮೇಲೆ ಎಲೆ ನೋಡಿದ. "ನಿಮ್ಗೆ ಗೊತ್ತಿಲ್ವಾ?"

"ಗೊತ್ತು" ಎಂದ ನರಸಿಂಹರಾಜು. "ಗೊತ್ತಿಲ್ದೆ ಏನು."

"ನಾನು ಮೊದಮೊದ್ಲು ಜಗಳ ಆಡ್ದೆ. ಆಮೇಲೆ ಬಿಟ್ಬುಟ್ಟೆ. ಈಗ ಎರಡೇ ತಂತಿ ಇರೋದು ನಂದ್ರಾಗೆ. ದೂರದಿಂದ ಯಾರಿಗೆ ಕಾಣ್ತೈತೆ?"

"ಮತ್ತೆ ಯಾಕೆ ಹೋಗ್ತೀರಾ?"

ಬಸವೇಶ್ ಬಹಳ ಹೊತ್ತು ಹಪ್ಪಳ ಮುರಿದ. "ಮನೇಲಿ ಕುಂತ್ರೆ ಭಾನುವಾರ ಸಾಯಲ್ಲ ಮೇಷ್ಟ್ರೆ" ಎಂದ. ನಂತರ ಸಿರಾದ ಅಂಗಡಿಯೊಂದರಲ್ಲಿ ಒಳ್ಳೆಯ ಗಿಟಾರ್ ಬೆಲ್ಟು ಬಂದಿದೆ ಎಂದೂ, ಹೆಗಲಿಗೆ ಮೆತ್ತಗಿರುತ್ತದೆ ಎಂದೂ ತಿಳಿಸಿದ. ಇಬ್ಬರೂ ಬೆಲ್ಟಿನ ವಿಷಯವನ್ನೇ ಮಾತಾಡುತ್ತ ಮಜ್ಜಿಗೆ ಮುಗಿಸಿದರು.

ಕೈ ತೊಳೆಯುವಾಗ ನರಸಿಂಹರಾಜುವಿಗೆ ಅಳು ಬಂತು. ನಲ್ಲಿಯ ನೀರಿದ್ದದ್ದು ಅನುಕೂಲವಾಯಿತು. ತಾನು ಮೋಸಹೋದದ್ದಕ್ಕಲ್ಲ, ಯಾರಿಗೂ ಮೋಸ ಅನ್ನಿಸದೇ ಹೋದದ್ದಕ್ಕೆ ಅವನಿಗೆ ದುಃಖವಾಗಿತ್ತು. ಕದಿರಯ್ಯ ಇದ್ದಿದ್ದರೆ ಮೊದಲನೆಯ ಹಾಡಿಗೇ ತಿರುಗಿ ನೋಡುತ್ತಿದ್ದ. ಒಂದೇ ಒಂದು ಹಾಡಿಗೆ ತನ್ನ ಸದ್ದು ಈ ಮಂಟಪದಲ್ಲಿ ಕೇಳಿಸಬೇಕು. ಅಷ್ಟಾಗದಿದ್ದರೆ ಸೋಮವಾರ ಬೆಳಿಗ್ಗೆ ಮಕ್ಕಳೆದುರು ನಿಂತು ತರಂಗಗಳ ಬಗ್ಗೆ ಬಾಯಿ ತೆರೆಯುವುದು ತನ್ನಿಂದ ಸಾಧ್ಯವಿಲ್ಲ ಅನ್ನಿಸಿತು. ಇಂಥ ನಾಟಕೀಯ ಯೋಚನೆ ತನ್ನ ವಯಸ್ಸಿಗೆ ಒಪ್ಪುವಂಥದ್ದಲ್ಲ ಎಂದೂ ಅನ್ನಿಸಿತು.

ಮಿಕ್ಸರ್ ನೋಡಿಕೊಳ್ಳುವ ಗಂಗಾಧರ್ ಮೂಲೆಯಲ್ಲಿ ಕೂತು ಮೊಬೈಲ್ ಉಜ್ಜುತ್ತಿದ್ದ.

"ಗಂಗಾಧರ್, ನನ್ನ ಚಾನಲ್ ಯಾವುದು?"

"ಐದು ಸಾರ್."

ಸದ್ದು ಏರಿಸಿ ಇಳಿಸುವ ಐದನೆಯ ಗುಂಡಿ ತೀರಾ ಕೆಳಗೆ ಇತ್ತು. ಅದರ ಪಕ್ಕದಲ್ಲಿ ಬೇಸ್ ಎಂದು ಬರೆದು ಅಂಟಿಸಿದ್ದ ಬಿಳಿಯ ಪಟ್ಟಿ ಹಳದಿಗೆ ತಿರುಗಿತ್ತು.

"ಎಷ್ಟು ದಿನದಿಂದ ಹೀಗಿದೆ?"

"ಹಾಲ್ ನೋಡ್ಕಂಡು ಇಡ್ತೀವಿ ಸಾರ್. ಕೆಲವು ಹಾಲ್‌ನಾಗೆ ಬೇಸು ಜಾಸ್ತಿ ಗುಂಯ್ ಅಂತದೆ."

"ಎಲ್ಲಾ ಹಾಲ್‌ನಲ್ಲೂ?"

ಗಂಗಾಧರ್ ಮೊಬೈಲನ್ನು ಜೇಬಿಗೆ ಹಾಕಿದ. "ಮುತ್ತಣ್ಣನ್ನ ಒಂದ್ ಮಾತು ಕೇಳ್ಬುಡಿ ಸಾರ್."

ಮುತ್ತುರಾಜ್ ಎಲೆಅಡಿಕೆ ಹಾಕಿಕೊಂಡಿದ್ದ. ಹಾಡುವವನು ಹಾಕಬಾರದು, ಆದರೂ ಹಾಕುತ್ತಿದ್ದ. ವಿಷಯ ಕೇಳಿ ಅವನಿಗೆ ಆಶ್ಚರ್ಯವಾಗಲಿಲ್ಲ, ಸಿಟ್ಟೂ ಬರಲಿಲ್ಲ. ಅದೇ ನರಸಿಂಹರಾಜುವನ್ನು ಇನ್ನಷ್ಟು ಕುಗ್ಗಿಸಿತು.

"ನೀವಿದ್ರೆ ಸ್ಟೇಜು ತುಂಬಿದಂಗಿರ್ತದೆ ಮೇಷ್ಟ್ರೆ. ಆ ಜಾಗ ಖಾಲಿ ಇದ್ರೆ ಚೆನ್ನಾಗಿರಲ್ಲ ಅಲ್ವಾ?"

"ಕುಂಡ ಇಡಬಹುದಲ್ಲ."

"ಇಂಗಂದ್ರೆ ಹೆಂಗೆ?" ಮುತ್ತುರಾಜ್ ಅವನ ಭುಜ ಮುಟ್ಟಿದ. "ಕದಿರಣ್ಣ ಹೋದ್ಮೇಲೆ ನೀವು ಸೊರಗೋಗಿದ್ರಿ. ತಾಳದ ಏಟು ಎಲ್ಲಾ ಹಿಂದೆ ಬೀಳ್ತಿದ್ವು. ನಿಮ್ಗೆ ಹೆಂಗೆ ಹೇಳಾದು ಅಂತ ಆಗ್ಲೇ ಗುಂಡಿ ಇಳಿಸ್ಬುಟ್ವಿ..."

ಅದು ಸುಳ್ಳಲ್ಲ ಎಂದು ನರಸಿಂಹರಾಜುವಿಗೆ ತಟ್ಟನೆ ಹೊಳೆಯಿತು. ಸುಳ್ಳಾಗಿದ್ದರೆ ಕೂಗಾಡಬಹುದಿತ್ತು.

"ಒಂದು ಹಾಡು" ಎಂದ. "ಒಂದಕ್ಕೆ ಎತ್ತಿಸಿ."

ಮುತ್ತುರಾಜ್ ಗಂಗಾಧರನ ಕಡೆ ನೋಡಿ, ಆಗಲಿ ಎನ್ನುವಂತೆ ಕೈ ಆಡಿಸಿದ.

ಗುಂಡಿ ಮೇಲೆ ಹೋಯಿತು. ಮೊದಲ ಸ್ವರ ಮೀಟಿದಾಗ ನರಸಿಂಹರಾಜು ಬೆಚ್ಚಿಬಿದ್ದ. ಇಷ್ಟು ದೊಡ್ಡದಾಗಿತ್ತೇ ತನ್ನ ಸದ್ದು? ಹೊಸ ತಂತಿ ಗಂಟೆ ಹೊಡೆದಂತೆ ಮೊಳಗಿತು. ಹದಿನಾಲ್ಕು ತಿಂಗಳು ನೀರಿನೊಳಗಿದ್ದು ತಲೆ ಹೊರಗೆ ಹಾಕಿದ ಹಾಗಾಯಿತು. ನಾಲ್ಕು ಸಾಲು ಅವನು ಸುಖವಾಗಿದ್ದ.

ಐದನೆಯ ಸಾಲಿಗೆ ಕೂದಲೆಳೆಯಷ್ಟು ಹಿಂದೆ ಬಿದ್ದ. ಯಂತ್ರ ಕಾಯಲಿಲ್ಲ. ಕದಿರಯ್ಯ ಕಾಯುತ್ತಿದ್ದ. ಕಾದದ್ದು ಯಾರಿಗೂ ತಿಳಿಯದ ಹಾಗೆ ಕಾಲು ತಡೆದು ಅವನನ್ನು ಸೇರಿಸಿಕೊಳ್ಳುತ್ತಿದ್ದ. ಹದಿನೆಂಟು ವರ್ಷ ತನ್ನದೆಂದು ತಿಳಿದಿದ್ದ ತಾಳ ಅಷ್ಟೂ ಆ ಕಾಲಿನದು. ಈಗ ಹಿಡಿಯಲು ಓಡಿದರೆ ಮುಂದೆ ಹೋಗುತ್ತಿದ್ದ, ನಿಧಾನಿಸಿದರೆ ಹಿಂದೆ ಉಳಿಯುತ್ತಿದ್ದ. ಎರಡು ಬೇಸುಗಳು ಕತ್ತಲಲ್ಲಿ ಡಿಕ್ಕಿ ಹೊಡೆಯುವವರಂತೆ ಒಂದರ ಮೇಲೊಂದು ಬೀಳತೊಡಗಿದವು.

ಫೋಟೋದ ಸಾಲು ತಿರುಗಿ ನೋಡಿತು. ಮದುಮಗನ ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡು, ಮೊಮ್ಮಗಳ ತೋಳು ಹಿಡಿದು ವೇದಿಕೆಯ ಹತ್ತಿರವೇ ಬಂದಳು.

"ಲೇ, ಯಾವನ್ಲಾ ಅವ್ನು? ಎದೆಗೆ ಗುದ್ದಿದಂಗಾಯ್ತದೆ! ನಿಲ್ಲಿಸ್ರೋ!"

ನಾನು ಕಣಮ್ಮ, ನಾನೇ ಎಂದು ಹೇಳಬೇಕು ಅನ್ನಿಸಿತು. ಇಷ್ಟು ದಿನಕ್ಕೆ ಒಬ್ಬಳಿಗೆ ಕೇಳಿಸಿತಲ್ಲ ಎಂಬ ಸಂತೋಷ, ಕೇಳಿಸಬೇಕಾದದ್ದು ಹೀಗಲ್ಲ ಎಂಬ ಸಂಕಟ ಎರಡೂ ಒಟ್ಟಿಗೆ ಬಂದವು. ಬಾಯಿ ತೆರೆಯುವುದರೊಳಗೆ ಗಂಗಾಧರ್ ಐದನೆಯ ಗುಂಡಿಯನ್ನು ಇಳಿಸಿದ. ಹಾಡು ಶುದ್ಧವಾಯಿತು. ಅಜ್ಜಿ, "ಹಾಂ, ಈಗ ಸರಿ" ಎಂದು ಹೋಗಿ ಕೂತಳು.

ನರಸಿಂಹರಾಜು ನುಡಿಸುತ್ತಲೇ ಇದ್ದ. ನಿಲ್ಲಿಸಿದರೆ ಕಾರಣ ಕೇಳುವವರು ಇರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಮಂಟಪ ಬರಿದಾಗುತ್ತ ಬಂತು. ಗಂಗಾಧರ್ ಮಿಕ್ಸರಿನಿಂದ ಒಂದೊಂದೇ ವೈರ್ ಕಿತ್ತು ಹಾಕಿದ. ಮೈಕುಗಳನ್ನು ಪೆಟ್ಟಿಗೆಗೆ ತುಂಬಿಸುತ್ತಿದ್ದಾಗ ಮದುಮಗ ಕಪ್ಪು ಕನ್ನಡಕ ಹಾಕಿಕೊಂಡು ವೇದಿಕೆ ಹತ್ತಿದ. ವಿಡಿಯೋದವನು ಹಿಂದೆಯೇ ಬಂದ.

"ಅಂಕಲ್, ಗಿಟಾರ್ ಒಂದ್ನಿಮಿಷ ಕೊಡ್ತೀರಾ? ರೀಲ್ಸಿಗೆ."

ನರಸಿಂಹರಾಜು ಕೊಟ್ಟ. ಬೆಲ್ಟು ಪೇಟಕ್ಕೆ ಸಿಕ್ಕಿಕೊಂಡಿತು. ಅದನ್ನೂ ಬಿಡಿಸಿ, ಹಾರದ ಮೇಲೆ ನೇರವಾಗಿ ಕೂರಿಸಿದ.

"ಸಾರ್, ನೀವ್ ಸ್ವಲ್ಪ ಆ ಕಡೆ" ಎಂದ ವಿಡಿಯೋದವನು. "ಇನ್ನೂ ಸ್ವಲ್ಪ. ಆಂ, ಆ ಗಿಟಾರಿನ ವೈರ್ ಅಡ್ಡ ಬರ್ತೈತೆ, ಅದರ ತುದಿ ಹಿಡ್ಕೊಂಡ್ಬುಡಿ ಸಾರ್. ಕೆಳಗೆ ಬುಡಬೇಡಿ, ಎಡವಿ ಬೀಳ್ತಾರೆ."

ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಹಾಡು ಶುರುವಾಯಿತು. ಮದುಮಗ ಸೊಂಟ ಬಳುಕಿಸಿದ, ಮದುಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನು ಎಡಕ್ಕೆ ಹೋದಾಗ ವೈರ್ ಎಳೆಯಿತು. ನರಸಿಂಹರಾಜು ಎರಡು ಹೆಜ್ಜೆ ಎಡಕ್ಕೆ ಹೋದ. ಬಲಕ್ಕೆ ಹೋದಾಗ ಬಲಕ್ಕೆ ಹೋದ. ಚಿತ್ರದೊಳಕ್ಕೆ ನೆರಳು ಬೀಳದಂತೆ ಬಗ್ಗಿಯೇ ನಡೆದ.

"ಇನ್ನೊಂದ್ಸಲ!" ಎಂದ ವಿಡಿಯೋದವನು.

ಮದುಮಗ ಕೈಯನ್ನು ಮೇಲಕ್ಕೆ ಬೀಸಿ ನಾಲ್ಕೂ ತಂತಿಗಳನ್ನು ಒಟ್ಟಿಗೆ ಬಾರಿಸಿದ. ನರಸಿಂಹರಾಜು ವೈರಿನ ತುದಿಯನ್ನು ಮುಷ್ಟಿಯೊಳಗೆ ಇನ್ನಷ್ಟು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ನಡುಕಕ್ಕೆ ಕಾದ.